ಎಂಟು ನಿಮಿಷ, ಹಾಸಿಗೆ ಅಂಗಡಿಯಿಂದ

ಕೈಗಾರಿಕಾ ಕೇಂದ್ರದ ತರಬೇತಿಯಲ್ಲಿ ಆ ಹುಡುಗ ಹೇಳಿದ್ದು:
ಗಿರಾಕಿಯ ಕಿವಿಯಲ್ಲಿ ಕೂತುಕೊಳ್ಳಿ, ಅಂಗಡಿ ತಾನಾಗಿ ನಡೆಯುತ್ತದೆ.
ಹದಿನಾಲ್ಕು ಜನ ಬರೆದುಕೊಂಡೆವು,
ಉಪ್ಪಿನಕಾಯಿಯವರು, ಅಗರಬತ್ತಿಯವರು,
ಬೋರ್‌ವೆಲ್ ಮೋಟಾರು ಸುತ್ತುವ ಒಬ್ಬರು.
ಹಾಸಿಗೆಯವಳು ನಾನೊಬ್ಬಳೇ.
ನಮ್ಮ ಎದುರಿನ ಶೋರೂಮಿನಲ್ಲಿ ಫೋಮು, ಕಂತಿನ ಮೇಲೆ.

ಸಾವಿರದ ಎಂಟುನೂರಕ್ಕೆ ಮೈಕು ಬಂತು.
ತಂಗಿ ಮಗಳು ಶಮೀನಾ ಅದಕ್ಕೊಂದು ಕಾಲುಚೀಲ ತೊಡಿಸಿದಳು,
ಪ ಫ ಅಂದರೆ ಗಾಳಿ ಬಡಿಯಬಾರದಂತೆ.
ಅಡುಗೆಮನೆಯಲ್ಲಿ ಕುಕ್ಕರು ನನಗಿಂತ ಮೊದಲು ಮಾತಾಡಿತು.
ಮಾಳಿಗೆ ಮೇಲೆ ಕಾಗೆ.
ಅಂಗಡಿ ಮುಂದೆ ಗಾಂಧಿ ಬಜಾರು ಪೂರ್ತಿ
ಒಂದೇ ಉಸಿರಲ್ಲಿ ಹಾರನ್ನು ಒತ್ತಿತು.
ಕೊನೆಗೆ ಗೋದಾಮಿನಲ್ಲಿ, ಲೋಡುಗಳ ನಡುವೆ
ಮೊಣಕಾಲು ಮಡಿಸಿ ಕೂತು ಒಂದು ಸಲ ಕೆಮ್ಮಿದೆ.
ಗೋಡೆಯಿಂದ ಏನೂ ವಾಪಸು ಬರಲಿಲ್ಲ.
ಹತ್ತಿ ಕೇಳಿಸಿಕೊಂಡಿತು, ಎದುರಾಡಲಿಲ್ಲ.
ಶಿವಮೊಗ್ಗದಲ್ಲೇ ಒಳ್ಳೆಯ ಸ್ಟುಡಿಯೋ
ನಲವತ್ತು ವರ್ಷ ನಮ್ಮ ಬೆನ್ನ ಹಿಂದೆ ಇತ್ತು.

"ನಮಸ್ಕಾರ ಕೇಳುಗರೇ" ಎಂದೆ.
ಭದ್ರಾವತಿ ಆಕಾಶವಾಣಿಯಲ್ಲಿ
ರೈತರಿಗೆ ಸಲಹೆ ಓದುವವಳ ದನಿ, ನನ್ನದಲ್ಲ.
ಅಳಿಸಿದೆ.
"ನಮ್ಮ ಉತ್ಕೃಷ್ಟ ಗುಣಮಟ್ಟದ" ಎಂದೆ.
ಶಮೀನಾ ನಕ್ಕಿದ್ದು ರೆಕಾರ್ಡಾಯಿತು, ಅದೊಂದೇ ಚೆನ್ನಾಗಿತ್ತು.
"ದೊಡ್ಡಮ್ಮ, ಗಿರಾಕಿ ಬೆಂಚಿನ ಮೇಲೆ ಕೂತಿದಾನೆ ಅಂದ್ಕೊ,
ಚಾ ಹೇಳಿದೀಯ, ಇನ್ನೂ ಬಂದಿಲ್ಲ.
ಆ ಹೊತ್ತಲ್ಲಿ ಏನು ಮಾತಾಡ್ತೀಯ?"

ಆ ಹೊತ್ತಲ್ಲಿ ನಾನು ಹೇಳುವುದು
ಹಳೇ ಹಾಸಿಗೆ ಬಿಚ್ಚಿದಾಗ ಸಿಕ್ಕಿದ್ದರ ಸುದ್ದಿ:
ಪಿನ್ನು, ಬಳೆಚೂರು, ಚಲಾವಣೆ ಸತ್ತ ಐನೂರರ ನೋಟು,
ಮಗುವಿನ ಹಲ್ಲು, ಎಂಟು ಮಡಿಕೆಯ ಒಂದು ಚೀಟಿ.
ಯಾರ ಮನೆಯದು ಅಂತ ಹೇಳುವುದಿಲ್ಲ.
ಚೀಟಿ ಬಿಡಿಸುವುದಿಲ್ಲ, ಹೊಸ ಹತ್ತಿಯೊಳಗೆ ಮತ್ತೆ ಹೊಲಿಯುತ್ತೇನೆ.
ಎಂಟು ನಿಮಿಷ. ದರ ಹೇಳಲು ಮರೆತೇಬಿಟ್ಟೆ.

ಮೊದಲ ವಾರ ಕೇಳಿದವರು ಏಳು.
ಅದರಲ್ಲಿ ಮೂರು ಫೋನು ನಮ್ಮ ಮನೆಯವೇ.
ಬುಧವಾರ ಅಂದರೆ ಬುಧವಾರವೇ ಹಾಕಬೇಕಂತೆ,
ಸಂತೆಯ ಹಾಗೆ, ಜನ ಬರಲಿ ಬಿಡಲಿ.

ಅಪ್ಪನ ಕಾಲದಲ್ಲಿ ಜಾಹೀರಾತು ಹೆಗಲ ಮೇಲಿತ್ತು,
ಆಳೆತ್ತರದ ಪಿಂಜುವ ಬಿಲ್ಲು.
ಸೀಗೆಹಟ್ಟಿಯ ತಿರುವಿನಲ್ಲಿ ಒಮ್ಮೆ ನರ ಮೀಟಿದರೆ
ಟೊಂಯ್,
ಮೂರು ಓಣಿಯ ಹೆಂಗಸರು
ಗಂಟುಗಟ್ಟಿದ ದಿಂಬು ಹಿಡಿದು ಬಾಗಿಲಿಗೆ.
ಕೂಗಿ ಕರೆದವನಲ್ಲ ಬುಡೇನ್‌ಸಾಬ.
ಈಗ ಎದೆಗೂಡಿನ ತುಂಬ ಊರವರ ಹತ್ತಿಯ ಧೂಳು;
ಬಿಲ್ಲು ಮೊಳೆಗೆ, ಅವನು ಕುರ್ಚಿಗೆ.

ನಾಲ್ಕನೇ ಸಂಚಿಕೆಗೆ ಬಿಲ್ಲು ಇಳಿಸಿದೆವು.
ಕೊಡತಿ ಎತ್ತಿದ. ಒಂದೇ ಪೆಟ್ಟು.
ಪರದೆಯ ಹಸಿರು ಗೆರೆ ಕೆಂಪಿಗೆ ಹಾರಿ ತಲೆ ಚಚ್ಚಿಕೊಂಡಿತು.
"ದನಿ ಒಡೀತು, ಇನ್ನೊಂದು ಸಲ" ಅಂದಳು ಶಮೀನಾ.
ಇನ್ನೊಂದು ಸಲಕ್ಕೆ ಅವನಲ್ಲಿ ಉಸಿರಿರಲಿಲ್ಲ.
ಒಡೆದದ್ದನ್ನೇ ಹಾಕಿದೆವು,
ಹಿಂದೆ ಅವನ ಏದುಸಿರೂ ಸೇರಿ.

ಗುರುವಾರ ರಾತ್ರಿ ಹತ್ತೂವರೆಗೆ ಗುರುತಿಲ್ಲದ ನಂಬರು.
ಹುಲಿಕಲ್ ಘಾಟಿ ಏರಿ ಮಾಸ್ತಿಕಟ್ಟೆಯಲ್ಲಿ ಲಾರಿ ನಿಲ್ಲಿಸಿದವನು,
ಕುಂದಾಪುರದಿಂದ ಹೆಂಚು ಹೊತ್ತವನು, ಹೆಸರು ತಿಪ್ಪೇಶಿ.
"ಘಾಟಿಯಲ್ಲಿ ಸಿಗ್ನಲ್ ಇರಲ್ಲ ಅಕ್ಕ, ಕೆಳಗೇ ಡೌನ್‌ಲೋಡ್ ಮಾಡ್ಕೊಂಡಿದ್ದೆ.
ಆ ಟೊಂಯ್ ಬಂತಲ್ಲ, ನಿದ್ದೆ ಹೊಡೀತಿದ್ದ ಕ್ಲೀನರು,
ಐವತ್ತು ದಾಟಿದೆ ಅವನಿಗೆ, ಎದ್ದು ಕೂತು
'ಪಿಂಜಾರ ಬಂದ' ಅಂದ.
ಇರಲಿ, ಡ್ರೈವರ್ ಸೀಟಿಗೆ ಸೊಂಟದ ದಿಂಬು ಹೊಲೀತೀರಾ?"

ಸೊಂಟದ ದಿಂಬು ನಾವು ಹೊಲಿದದ್ದೇ ಇಲ್ಲ.
"ಹೊಲೀತೀವಿ" ಅಂದೆ.
ನಾನೂರೈವತ್ತು ಹೇಳಿದೆ, ಮುನ್ನೂರಾ ಎಂಬತ್ತಕ್ಕೆ ಇಳಿಸಿದ.
ಮೈಕಿನ ದುಡ್ಡು ಹುಟ್ಟಲು ಇಂಥ ದಿಂಬು ಎಷ್ಟು ಬೇಕೋ,
ಆ ರಾತ್ರಿ ಲೆಕ್ಕ ಹಾಕಲಿಲ್ಲ.

ಬೆಳಿಗ್ಗೆ ಅಪ್ಪ ಕೇಳಿದ, ಎಷ್ಟು ಓಣಿ ಆಯ್ತು?
ಶಮೀನಾ ಫೋನು ನೋಡಿ, "ನಲವತ್ತೊಂದು" ಅಂದಳು.
ಒಂದು ದಿನಕ್ಕೆ ಹನ್ನೊಂದರ ಮೇಲೆ ಅವನು ತಿರುಗಿದ್ದಿಲ್ಲ.
ನನ್ನ ಪಾದ ನೋಡಿದ, ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡಿದ.
"ಇನ್ನೊಂದು ಜತೆ ತಗೋ" ಅಂದ.